ರೋಗವು ನಮ್ಮ ಹೆಸರಲ್ಲ

ಪ್ರಿಯರೇ, ಮಾರ್ಕನು ಬರೆದ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸಿನ ವೃತ್ತಾಂತವುಂಟು. ಆಕೆಯ ಹೆಸರೇನು, ತಂದೆ ಯಾರು ಎಂಬದು ನಮಗೆ ತಿಳಿಯದು. 12 ವರುಷಗಳಿಂದ ರಕ್ತಕುಸುಮರೋಗವಿತ್ತೆಂಬದು ಮಾತ್ರ ತಿಳಿದಿರುತ್ತದೆ. ವೈದ್ಯರಿಗೆ ಕೊಟ್ಟು ಕೊಟ್ಟು ಕೈಯಲ್ಲಿದ್ದದ್ದೆಲ್ಲಾ ತೀರಿತ್ತು. ಮೋಶೆಯ ನಿಯಮದ ಮೇರೆಗೆ ಆಕೆಯು ಅಶುದ್ಧಳು. ಆದಕಾರಣ ಎದುರಿಗೆ ಬರಲು ಅಂಜಿ, ಗುಂಪಿನಲ್ಲಿ ಹಿಂದಿನಿಂದ ಬಂದು ಕರ್ತನ ಉಡುಪನ್ನು ಮುಟ್ಟಿದಳು. ಕೂಡಲೇ ಗುಣವಾಯಿತು.

ಗುಣವಾದ ಮೇಲೆ ಕರ್ತನು ಯಾಕೆ ನಿಂತನು? ಯಾಯೀರನ ಮಗಳು ಸಾಯುವ ಹಾಗಿದ್ದಳು. ಅದು ತಡಮಾಡುವ ಸಮಯವಲ್ಲ. ಆದರೆ ಈ ಹೆಂಗಸಿನ ದೇಹವು ವಾಸಿಯಾಗಿದ್ದರೂ ಅಂಜಿಕೆಯು ವಾಸಿಯಾಗಿರಲಿಲ್ಲ. ನಡುಗುತ್ತಾ ಅಡ್ಡಬಿದ್ದವಳನ್ನು ಆತನು ರೋಗದ ಹೆಸರಿನಿಂದ ಕರೆಯದೆ ಮಗಳೆಂದು ಕರೆದನು. ಒಬ್ಬ ತಂದೆಯು ತನ್ನ ಮಗಳಿಗೋಸ್ಕರ ಬೇಡಿಕೊಂಡ ಆ ದಾರಿಯಲ್ಲಿಯೇ, ಬೇಡುವವರಿಲ್ಲದ ಈಕೆಗೂ ಮಗಳೆಂಬ ಹೆಸರು ದೊರಕಿತು.

ನಮ್ಮ ಹಳ್ಳಿಗಳಲ್ಲಿ ಕುಷ್ಠರೋಗಕ್ಕೆ ಗುರಿಯಾದವರನ್ನು ಇಲ್ಲಿ ನೆನಸೋಣ. ಅದು ಶಾಪವೆಂದು ಹಿರಿಯರು ಹೇಳುತ್ತಿದ್ದರು. ನಾರ್ವೆ ದೇಶದ ಹಾನ್ಸೆನ್ ಎಂಬ ವೈದ್ಯನು 1873ರಲ್ಲಿ ಅದಕ್ಕೆ ಕಾರಣವಾದ ಕ್ರಿಮಿಯನ್ನು ಕಂಡುಹಿಡಿದನು. ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಸೂಚಿಸಿದರು. 6 ಇಲ್ಲವೆ 12 ತಿಂಗಳು ಅದನ್ನು ತಪ್ಪದೆ ತೆಗೆದುಕೊಂಡವರು ಗುಣಹೊಂದುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣ ತೆರಬೇಕಾಗಿಲ್ಲ. ಬೆರಳುಗಳು ಸೊಟ್ಟಗೆ ಉಳಿದರೆ ಅದು ನರಗಳಿಗೆ ಆದ ಹಾನಿಯ ಗುರುತೇ ಹೊರತು ರೋಗವು ಇನ್ನೂ ಇದೆಯೆಂಬದಕ್ಕೆ ಸಾಕ್ಷಿಯಲ್ಲ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿವಾಹವಿಚ್ಛೇದನದ ಕಾಯಿದೆಯಲ್ಲಿ ಈ ರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಎಣಿಸಿದ್ದ ಮಾತನ್ನು 2019ರಲ್ಲಿ ತೆಗೆದುಹಾಕಿದರು.

ಕಾಯಿದೆಯು ಅಳಿಸಿದ್ದನ್ನು ನಮ್ಮ ನಾಲಿಗೆಯು ಅಳಿಸಿತೋ? ಗುಣಹೊಂದಿ ಎಷ್ಟೋ ವರುಷಗಳಾದರೂ ಆ ರೋಗದವನ ಮನೆಯೆಂದು ದಾರಿ ತೋರಿಸುತ್ತೇವೆ. ಅದಕ್ಕಿಂತ ದುಃಖಕರವಾದದ್ದೇನಂದರೆ, ಆ ಸಹೋದರನು ತಾನೂ ಆ ಹೆಸರನ್ನು ನಂಬುತ್ತಾನೆ. ಕೈಯನ್ನು ಹೊದಿಕೆಯೊಳಗೆ ಮರೆಮಾಡಿ, ಆಲಯದ ಬಾಗಿಲ ಬಳಿ ಕೂತು, ಕರ್ತನ ಭೋಜನಕ್ಕೆ ಎಲ್ಲರಿಗಿಂತಲೂ ಕಡೆಯವನಾಗಿ ಬರುತ್ತಾನೆ.

ಇಂಥ ಹೊದಿಕೆ ನಮ್ಮೆಲ್ಲರಲ್ಲಿಯೂ ಉಂಟು. ಬಂಜೆ, ಮೂರ್ಛೆಯವಳು, ಅಕ್ಷರ ಬಾರದವನು, ಕೀಳು ಕುಲದವನು ಎಂದು ಜನರು ಒಮ್ಮೆ ಅಂದದ್ದನ್ನು ನಾವು ದಿನಾಲು ನಮಗೆ ನಾವೇ ಅಂದುಕೊಳ್ಳುತ್ತೇವೆ. ಗುಣವಾಗದ ಬಾಧೆಯೂ ಉಂಟಲ್ಲವೇ ಎನ್ನುವಿರೋ? ಹೌದು. ಪೌಲನು ಮೂರು ಸಾರಿ ಬೇಡಿಕೊಂಡರೂ ಅವನ ಶರೀರದ ಮುಳ್ಳು ತೊಲಗಲಿಲ್ಲ. ಆದರೂ ಆ ಮುಳ್ಳು ಅವನ ಹೆಸರಾಗಲಿಲ್ಲ. ಅವನು ಅಪೊಸ್ತಲನಾಗಿಯೇ ಉಳಿದನು.

ಆದಕಾರಣ ಪ್ರಿಯರೇ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ನಾಚಿ ಮರೆಮಾಡದೆ ಆಸ್ಪತ್ರೆಗೆ ಹೋಗೋಣ. ಮರೆಮಾಡಿದ್ದರಿಂದಲೇ ಅನೇಕರ ಕೈಕಾಲುಗಳು ಕೆಟ್ಟವು. ಬರುವ ಆದಿತ್ಯವಾರ ಬಾಗಿಲ ಬಳಿ ಕೂತವನನ್ನು ಅವನ ಸ್ವಂತ ಹೆಸರಿನಿಂದ ಕರೆದು, ನಮ್ಮ ಪಕ್ಕದಲ್ಲಿ ಕೂಡ್ರಿಸಿಕೊಳ್ಳೋಣ. ಬಾಗಿಲ ಬಳಿ ಕೂತವರು ನಾವೇ ಆಗಿದ್ದರೆ, ಎದ್ದು ಮುಂದಕ್ಕೆ ಬರೋಣ. ನಮ್ಮನ್ನು ಮಕ್ಕಳೆಂದು ಕರೆಯುವಾತನ ಸ್ವರವನ್ನು ಕೇಳುವ ಕಿವಿಯನ್ನು ದೇವರು ನಮಗೆ ದಯಪಾಲಿಸಲಿ. ಆಮೆನ್.