ದೂರ ಇಡುವುದು ಧರ್ಮವೇ?

2020ರ ಮಾರ್ಚ್‌ನಲ್ಲಿ ಕೊರೊನಾ ಭಯದಿಂದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಸೇರಿ ರಾಜ್ಯದ ವಿಶ್ವವಿದ್ಯಾಲಯಗಳೆಲ್ಲ ಬಾಗಿಲು ಹಾಕಿದವು. ಎಂ.ಎ. ಓದುತ್ತಿದ್ದ ನನ್ನ ಮಗಳೂ ಹಾಸ್ಟೆಲ್‌ ಬಿಟ್ಟು ರಾಗಿಗುಡ್ಡದ ಮನೆಗೆ ಬಂದಳು. ಅವಳ ತಟ್ಟೆ, ಲೋಟ, ಚಾಪೆ ಬೇರೆ ಇಟ್ಟೆ. ಅತ್ತೆ ಕಣ್ಣೀರು ಹಾಕಿದರು: “ನಮ್ಮನ್ನ ಹಿಂಗೇ ಹೊರಗಿಟ್ಟಿದ್ರು ಕಣವ್ವ. ಈಗ ನೀನೇ ಮಗೀನ ಹೊರಗಿಡ್ತೀಯಾ?”

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಮಡಿಯ ಹೆಸರಿನಲ್ಲಿ ದೂರ ಇಡುವವರು ತಮ್ಮ ಶುದ್ಧಿ ನೋಡಿಕೊಳ್ಳುತ್ತಾರೆ. ನಾನು ತಟ್ಟೆ ಬೇರೆ ಇಟ್ಟದ್ದು ಅತ್ತೆಯ ಉಸಿರಿಗಾಗಿ. ಆದರೆ ಮೂಲೆಯಲ್ಲಿ ಒಬ್ಬಳೇ ಉಣ್ಣುವ ಹುಡುಗಿಗೆ ಎರಡೂ ಒಂದೇ ಥರ ಕಾಣುತ್ತವಲ್ಲ! ದೂರ ನಿಂತವರ ಊಟ, ಓದು, ಯೋಗಕ್ಷೇಮ ವಿಚಾರಿಸಿದಾಗಲೇ ಆ ದೂರ ಧರ್ಮವಾಗುತ್ತದೆ. ಇಲ್ಲದಿದ್ದರೆ ಅದು ಹಳೆಯ ಬಹಿಷ್ಕಾರವೇ.

ಕಾಯಿಲೆಗೆ ಹೆದರಿ ದೂರ ಇರುವುದು ನಮ್ಮ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಕಾಯಿಲೆ ಹರಡುವ ಉಣುಗು ಕಚ್ಚುತ್ತದೆ, ಕಾಡಿಗೆ ಹೋಗಬೇಡಿ ಎಂದರೆ ಸಾಕೇ? ಸೌದೆ, ದರಕು ತರುವವರ ಒಲೆಯೂ ಉರಿಯಬೇಕು. ಕೊರೊನಾ ಕಾಲದಲ್ಲೂ ಹಾಗೆಯೇ. ಹಾಸ್ಟೆಲ್‌ ಮುಚ್ಚಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ. ಆದರೆ ಪಾಠ ಮೊಬೈಲಿಗೆ ಬಂದಾಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಫೋನು.

ಮುಂದೆ ಯಾವ ಕಾಯಿಲೆಗಾಗಿ ಹಾಸ್ಟೆಲ್‌ಗೆ ಬೀಗ ಹಾಕಿದರೂ, ಮನೆಗೆ ಕಳಿಸುವ ಮಕ್ಕಳಿಗೆ ಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿ.