ಎರಡು ಭಾನುವಾರಗಳ ನಡುವೆ

2008ರ ಜನವರಿ 20, ಭಾನುವಾರ. ಸರ್ಬಿಯಾದ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು. ತೀವ್ರ ರಾಷ್ಟ್ರವಾದಿಗಳಾದ ರ‍್ಯಾಡಿಕಲ್ ಪಕ್ಷದ ಟೊಮಿಸ್ಲಾವ್ ನಿಕೊಲಿಚ್‌ಗೆ ಶೇ 40ರಷ್ಟು ಮತ ಬಂತು. ಹಾಲಿ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಬೊರಿಸ್ ಟಾಡಿಚ್‌ಗೆ ಶೇ 35. ನಮ್ಮ ವಿಧಾನಸಭೆ, ಲೋಕಸಭೆಗಳ ಲೆಕ್ಕದಲ್ಲಾದರೆ ನಿಕೊಲಿಚ್ ಗೆದ್ದಂತೆ. ಅಲ್ಲಿ ಹಾಗಲ್ಲ. ಮೊದಲ ಸುತ್ತಿನಲ್ಲೇ ಗೆಲ್ಲಬೇಕಾದರೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಯಾರಿಗೂ ಅಷ್ಟು ಸಿಗದಿದ್ದರೆ ಎರಡು ವಾರದ ನಂತರ ಮುಂದಿರುವ ಇಬ್ಬರೇ ಮತ್ತೆ ಎದುರುಬದುರಾಗುತ್ತಾರೆ. ಆ ಎರಡು ಭಾನುವಾರಗಳ ನಡುವೆ ಸೋತವರಿಗೆ ಗೆಲ್ಲಬೇಕಾದವರಿಗಿಂತ ಹೆಚ್ಚು ಬೆಲೆ. ಎಲ್ಲರ ಕಿವಿಯೂ ಅವರ ಒಂದು ಮಾತಿಗೆ ಕಾದಿರುತ್ತದೆ: ನಾನು ಇಂಥವರನ್ನು ಬೆಂಬಲಿಸುತ್ತೇನೆ.

ಆ ಸಲ ಎಲ್ಲರೂ ಕಾದದ್ದು ಪ್ರಧಾನಿ ವೊಯಿಸ್ಲಾವ್ ಕೊಷ್ಟುನಿಟ್ಸ ಅವರ ಮಾತಿಗೆ. ಅವರು ಸ್ವತಃ ಕಣದಲ್ಲಿರಲಿಲ್ಲ. ಅವರು ಬೆಂಬಲಿಸಿದ್ದ ವೆಲಿಮಿರ್ ಇಲಿಚ್ ಶೇ 7ರಷ್ಟು ಮತ ಪಡೆದು ಮೂರನೆಯವರಾಗಿದ್ದರು. ಕೊಷ್ಟುನಿಟ್ಸ ನಡೆಸುತ್ತಿದ್ದ ಸರ್ಕಾರದಲ್ಲಿ ಟಾಡಿಚ್ ಪಕ್ಷವೂ ಪಾಲುದಾರ. ಹಾಗಾಗಿ ಬೆಂಬಲ ಸಹಜ ಎನಿಸಬೇಕಿತ್ತು. ಕೊಷ್ಟುನಿಟ್ಸ ಒಂದು ಷರತ್ತು ಮುಂದಿಟ್ಟರು: ಸರ್ಬಿಯಾದಿಂದ ಬೇರೆಯಾಗಲು ಹೊರಟಿದ್ದ ಕೊಸೊವೊ ಪ್ರಾಂತ್ಯಕ್ಕೆ ಯುರೋಪಿಯನ್ ಒಕ್ಕೂಟ ತನ್ನ ನಿಯೋಗ ಕಳಿಸಿದರೆ ಒಕ್ಕೂಟದೊಂದಿಗಿನ ಒಪ್ಪಂದ ರದ್ದಾಗಬೇಕು, ಹಾಗೆಂದು ಬರೆದುಕೊಡಬೇಕು. ಟಾಡಿಚ್ ಬರೆದುಕೊಡಲಿಲ್ಲ. ಕೊಷ್ಟುನಿಟ್ಸ ಬೆಂಬಲ ಕೊಡಲಿಲ್ಲ.

ಈ ಮೌನದ ಬೇರು ಹಳೆಯದು. ಕೊಷ್ಟುನಿಟ್ಸ ಅವರ ಪಕ್ಷ 1992ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದಲೇ ಒಡೆದು ಹೋದದ್ದು. ಎಂಟು ವರ್ಷಗಳ ನಂತರ, 2000ದಲ್ಲಿ, ಆಗ ಅಧಿಕಾರದಲ್ಲಿದ್ದ ಸ್ಲೊಬೊಡಾನ್ ಮಿಲೊಶೆವಿಚ್ ವಿರುದ್ಧ, ಸರ್ಬಿಯಾ ಸೇರಿದ್ದ ಯುಗೊಸ್ಲಾವಿಯಾದ ಅಧ್ಯಕ್ಷ ಸ್ಥಾನಕ್ಕೆ ಹದಿನೆಂಟು ಪಕ್ಷಗಳು ಒಂದಾಗಿ ನಿಲ್ಲಿಸಿದ್ದು ಈ ಕೊಷ್ಟುನಿಟ್ಸ ಅವರನ್ನೇ. ದೊಡ್ಡ ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ನಾಯಕ ಜೊರಾನ್ ಜಿಂಜಿಚ್ ತಾನು ಹಿಂದೆ ಸರಿದು ಪ್ರತಿಸ್ಪರ್ಧಿಯ ಪ್ರಚಾರದ ಹೊಣೆ ಹೊತ್ತರು. ರಾಜಕೀಯದಲ್ಲಿ ಇದಕ್ಕಿಂತ ಉದಾರವಾದ ಬೆಂಬಲವನ್ನು ನಾನು ಹೆಚ್ಚು ಕಂಡಿಲ್ಲ. ಮಿಲೊಶೆವಿಚ್ ಬಿದ್ದ ಮೇಲೆ ಒಂದು ವರ್ಷ ಕಳೆಯುವುದರೊಳಗೆ ಇಬ್ಬರಿಗೂ ಆಗದಂತಾಯಿತು. 2003ರ ಮಾರ್ಚ್ 12ರಂದು ಜಿಂಜಿಚ್ ಗುಂಡಿಗೆ ಬಲಿಯಾದರು. ಆಗಲೂ ಎರಡು ಪಕ್ಷಗಳ ನಡುವಿನ ಗಾಯ ಮಾಯಲಿಲ್ಲ. ದಾಯಾದಿಗಳ ಜಗಳ ಹೊರಗಿನವರ ಜೊತೆಗಿನ ಜಗಳದಂತಲ್ಲ. ಅದರಲ್ಲಿ ಪಾಲಿನ ಲೆಕ್ಕದ ಜೊತೆಗೆ, ಮನೆಯ ಹೆಸರು ಯಾರದು ಎಂಬ ತಕರಾರೂ ಇರುತ್ತದೆ.

ಟಾಡಿಚ್ ಮತ್ತು ನಿಕೊಲಿಚ್ ಮೂರು ಸಲ ಎರಡನೇ ಸುತ್ತಿನಲ್ಲಿ ಸೆಣಸಿದರು. 2004ರಲ್ಲಿ ಕೊಷ್ಟುನಿಟ್ಸ ಬೆಂಬಲ ಟಾಡಿಚ್‌ಗೆ, 2008ರಲ್ಲಿ ಯಾರಿಗೂ ಇಲ್ಲ, 2012ರಲ್ಲಿ ನಿಕೊಲಿಚ್‌ಗೆ. ಎದುರಾಳಿಗಳು ಅವರಿಬ್ಬರೇ, ಬೆಂಬಲಿಸುವವರೂ ಅದೇ ವ್ಯಕ್ತಿ. ಎಂಟು ವರ್ಷಗಳ ಆ ಪಯಣದಲ್ಲಿ ಅಭ್ಯರ್ಥಿಗಳ ಗುಣದೋಷಕ್ಕಿಂತ ಬೆಂಬಲಿಸುವವನ ಮನಸ್ಸೇ ಹೆಚ್ಚು ತೆರೆದುಕೊಳ್ಳುತ್ತದೆ. ಕೊಸೊವೊ ಕೈತಪ್ಪುವ ಸಂಕಟ ಅವರನ್ನು ಹೆಜ್ಜೆ ಹೆಜ್ಜೆಯಾಗಿ ಹಳೆಯ ಮಿತ್ರರಿಂದ ದೂರ ಒಯ್ದಿತ್ತು.

ಆದರೆ ಮತದಾರ? 2008ರಲ್ಲಿ ಪ್ರಧಾನಿಯೇ ಕೈಬಿಟ್ಟರೂ ಟಾಡಿಚ್ ಮತಗಳು ಸುಮಾರು 14.6 ಲಕ್ಷದಿಂದ 23 ಲಕ್ಷಕ್ಕೆ ಏರಿದವು. ಸುಮಾರು ಒಂದು ಲಕ್ಷ ಮತಗಳ ಅಂತರದಿಂದ ಅವರು ಗೆದ್ದರು. ಮೊದಲ ಸುತ್ತಿನಲ್ಲಿ ಮನೆಯಲ್ಲೇ ಉಳಿದಿದ್ದ ಎಷ್ಟೋ ಜನ ಎರಡನೇ ಸುತ್ತಿಗೆ ಹೊರಬಂದರು. ಅವರನ್ನು ಮತಗಟ್ಟೆಗೆ ಕರೆತಂದದ್ದು ತೊಂಬತ್ತರ ದಶಕದ ಯುದ್ಧ, ನಿರ್ಬಂಧಗಳ ದಿನಗಳು ಮರಳಿಯಾವು ಎಂಬ ಭಯ. 2012ರಲ್ಲಿ ಆದದ್ದು ತದ್ವಿರುದ್ಧ. ಮೊದಲ ಸುತ್ತಿನಲ್ಲಿ ಶೇ 14ರಷ್ಟು ಮತ ಪಡೆದಿದ್ದ ಸಮಾಜವಾದಿ ಪಕ್ಷದ ಇವಿಟ್ಸ ಡಾಚಿಚ್, ಒಂದು ಕಾಲದ ಮಿಲೊಶೆವಿಚ್ ಪಕ್ಷದ ವಕ್ತಾರ, ಟಾಡಿಚ್ ಪರ ನಿಂತರು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ ಮತದಾನ ಸುಮಾರು ಶೇ 58ರಿಂದ 46ಕ್ಕೆ ಇಳಿಯಿತು. ಟಾಡಿಚ್ ಸೋತರು. ನಿಕೊಲಿಚ್ ಅಷ್ಟರಲ್ಲಿ ರ‍್ಯಾಡಿಕಲ್ ಪಕ್ಷ ಬಿಟ್ಟು, ಯುರೋಪಿನ ಪರ ಮಾತಾಡುವ ಹೊಸ ಪಕ್ಷ ಕಟ್ಟಿದ್ದರು. ಜನರಿಗೆ ಹಿಂದಿನ ಭಯವಿರಲಿಲ್ಲ. ಭಯ ಹೋದ ಮೇಲೆ ಕೆಲಸವಿಲ್ಲದ ಬೇಸರ, ಆಳುವವರ ಮೇಲಿನ ಸಿಟ್ಟು ಉಳಿದಿತ್ತು. ಬೇಕೆಂದೇ ಖಾಲಿ ಮತಪತ್ರ ಹಾಕಿ ಎಂದು ಬೆಲ್‌ಗ್ರೇಡಿನ ಕೆಲವು ಚಿಂತಕರು ಕರೆ ಕೊಟ್ಟಿದ್ದೂ ಆ ಸಲವೇ.

ಎರಡೇ ತಿಂಗಳಲ್ಲಿ ಡಾಚಿಚ್ ಅದೇ ನಿಕೊಲಿಚ್ ಪಕ್ಷದ ಜೊತೆ ಸೇರಿ ಪ್ರಧಾನಿಯಾದರು. 250 ಸ್ಥಾನಗಳ ಸಂಸತ್ತಿನಲ್ಲಿ ಅವರ ಬಣಕ್ಕಿದ್ದ 44 ಸ್ಥಾನ ಇಲ್ಲದೆ ಯಾರ ಸರ್ಕಾರವೂ ಸುಲಭವಿರಲಿಲ್ಲ. ಹಾಗಾದರೆ ಮೇ ತಿಂಗಳಲ್ಲಿ ಟಾಡಿಚ್ ಪರ ಅವರಾಡಿದ ಮಾತು ಯಾರಿಗಾಗಿ? ಮತದಾರನಿಗೆ ಎಂದು ನನಗೆ ಅನಿಸುವುದಿಲ್ಲ. ಬೆಂಬಲದ ಘೋಷಣೆ ವೇದಿಕೆಯ ಮೇಲಿಂದ ಬಂದರೂ ಅದರ ವಿಳಾಸ ಬಹಳ ಸಲ ಇನ್ನೊಬ್ಬ ನಾಯಕನ ಕೋಣೆ. ಮತದಾರ ಅದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ, ತನ್ನ ನಿರ್ಧಾರವನ್ನು ತಾನೇ ಮಾಡುತ್ತಾನೆ. ತನ್ನ ಮತವನ್ನು ಯಾರೋ ಯಾರಿಗೋ ದಾಟಿಸಬಲ್ಲರು ಎಂಬ ನಂಬಿಕೆಯೇ ಅವನಿಗೆ ಅವಮಾನ.

ಇಲ್ಲಿಗೇ ನಿಲ್ಲಿಸಿದರೆ ಈ ಚೌಕಾಸಿಯೆಲ್ಲ ಹೇಸಿಗೆ ಎಂದು ಕೈತೊಳೆದುಕೊಳ್ಳಬಹುದು. ಮುಂದೆ ನಡೆದದ್ದು ಹಾಗೆ ಮಾಡಲು ಬಿಡುವುದಿಲ್ಲ. 2017ರಲ್ಲಿ ನಿಕೊಲಿಚ್ ಮತ್ತೆ ನಿಲ್ಲಬಯಸಿದರು. ಅವರೇ ಕಟ್ಟಿದ್ದ ಪಕ್ಷ ಆಗಿನ ಪ್ರಧಾನಿ ಅಲೆಕ್ಸಾಂಡರ್ ವುಚಿಚ್ ಅವರನ್ನು ಆರಿಸಿತು. ನಿಕೊಲಿಚ್ ಹಿಂದೆ ಸರಿದರು. ವಿರೋಧಿಗಳು ಒಬ್ಬ ಅಭ್ಯರ್ಥಿಯ ಹಿಂದೆ ನಿಲ್ಲಲಾರದೆ ಹಂಚಿಹೋದರು. ಅವರಲ್ಲಿ ಮುಂದಿದ್ದ ಸಾಶಾ ಯಾಂಕೊವಿಚ್‌ಗೆ ಬಂದದ್ದು ಶೇ 16. ವುಚಿಚ್ ಶೇ 55 ಮತ ಪಡೆದು ಮೊದಲ ಸುತ್ತಿನಲ್ಲೇ ಗೆದ್ದರು. 2022ರಲ್ಲೂ ಹಾಗೆಯೇ ಆಯಿತು. ಎರಡನೇ ಭಾನುವಾರ ಬೇಕಾಗಲೇ ಇಲ್ಲ.

ಆ ಎರಡು ವಾರಗಳಲ್ಲಿ ಕೊಳಕು ವ್ಯವಹಾರಗಳು ನಡೆದಿದ್ದವು, ನಿಜ. ಆದರೆ ಗೆಲ್ಲಬೇಕಾದವನು ತನ್ನವರಲ್ಲದವರ ಮುಂದೆ ನಿಂತು, ನಿಮಗೇನು ಬೇಕು ಎಂದು ಕೇಳಲೇಬೇಕಾದ ದಿನಗಳೂ ಅವೇ. 2008ರಲ್ಲಿ ಸರ್ಬಿಯಾದ ವೊಯ್ವೊದಿನಾ ಪ್ರಾಂತ್ಯದ ಹಂಗೇರಿಯನ್ ಅಲ್ಪಸಂಖ್ಯಾತರ ಅಭ್ಯರ್ಥಿ ಇಷ್ಟ್ವಾನ್ ಪಾಸ್ಟರ್‌ಗೆ ಮೊದಲ ಸುತ್ತಿನಲ್ಲಿ ಬಂದದ್ದು ಶೇ 2ಕ್ಕಿಂತ ತುಸು ಹೆಚ್ಚು, ಸುಮಾರು 93 ಸಾವಿರ ಮತ. ಎರಡನೇ ಸುತ್ತಿನಲ್ಲಿ ಟಾಡಿಚ್ ಗೆದ್ದ ಅಂತರ ಅದಕ್ಕಿಂತ ಬಹಳ ದೊಡ್ಡದೇನಲ್ಲ. ಅಷ್ಟು ಚಿಕ್ಕ ಸಮುದಾಯವನ್ನು ಆಗ ಯಾರೂ ಕಡೆಗಣಿಸುವಂತಿರಲಿಲ್ಲ. 2017ರಲ್ಲಿ ಪಾಸ್ಟರ್ ಅವರ ಪಕ್ಷ ಮೊದಲ ಸುತ್ತಿಗೂ ಮುಂಚೆಯೇ ವುಚಿಚ್‌ಗೆ ಬೆಂಬಲ ಘೋಷಿಸಿತು. ಆ ಶೇ 2 ಇಲ್ಲದಿದ್ದರೂ ವುಚಿಚ್ ಗೆಲ್ಲುತ್ತಿದ್ದರು.