ನೋಟಿಸು ಬಂದ ಮನೆ

ಬ್ಯಾಂಕಿನ ನೋಟಿಸು ಬಂದ ಮನೆಯಲ್ಲಿ ಬೆಳಗಾದರೂ ಮಾತಿರುವುದಿಲ್ಲ. ಕಬ್ಬಿಗೆ ನೀರು ಹಾಯಿಸಿ ಬಂದ ಯಜಮಾನ ರೊಟ್ಟಿ ಮುರಿಯುತ್ತ ಸುಮ್ಮನೆ ಕೂತಿರುತ್ತಾನೆ. ಲಕೋಟೆ ದೇವರ ಫೋಟೋದ ಹಿಂದೆ ಸೇರಿರುತ್ತದೆ, ಎಷ್ಟೋ ಸಲ ಒಡೆಯದೆಯೇ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಸಾಲಕ್ಕಿಂತ ಹೆಚ್ಚಾಗಿ ಕಾಡುವುದು ‘ಮಂದಿ ಏನಂದಾರು’ ಎಂಬ ಅಂಜಿಕೆ.

ನೋಟಿಸು ಬಂದಾಕ್ಷಣ ಎಲ್ಲ ಮುಗಿಯಿತೆಂದಲ್ಲ. ಆಸ್ಟ್ರೇಲಿಯಾದಲ್ಲಿ ದಿವಾಳಿ ನೋಟಿಸು ಮುಟ್ಟಿದವನಿಗೆ ಸಾಮಾನ್ಯವಾಗಿ 21 ದಿನಗಳ ಅವಕಾಶವಿದೆ. ಸಾಲ ಕೇಳುತ್ತಿರುವವನೇ ತನಗೆ ಅಷ್ಟು ಹಣ ಕೊಡಬೇಕಿದೆ ಎಂದು ತೋರಿಸಿ, ಕೆಲವು ಸಂದರ್ಭಗಳಲ್ಲಿ ಆ ನೋಟಿಸನ್ನು ಕೋರ್ಟಿನಿಂದ ರದ್ದು ಮಾಡಿಸಬಹುದು. ಇದನ್ನು ಓದಿದಾಗ ನಮ್ಮ ಕಬ್ಬಿನ ರೈತನೇ ನೆನಪಾಗುತ್ತಾನೆ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಬಿಲ್ಲಿನ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಬಿಲ್ಲು ಬಾರದೆ ಕಂತು ತಪ್ಪಿದರೆ ರೈತನ ಮನಸ್ಸಿನಲ್ಲಿ ಎರಡೂ ಒಂದೇ ಲೆಕ್ಕ. ಆದರೆ ಕೊಡಬೇಕಾದದ್ದು ಕಾರ್ಖಾನೆ, ಕೇಳುವುದು ಬ್ಯಾಂಕು. ಒಂದರಲ್ಲಿ ಇನ್ನೊಂದನ್ನು ವಜಾ ಮಾಡಿಕೊಳ್ಳಲು ಬರುವುದಿಲ್ಲ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಹಾಗಂತ ನಮ್ಮ ಕಾನೂನು ಬರಿಗೈಯಲ್ಲಿ ನಿಲ್ಲಿಸಿಲ್ಲ. ಮನೆಯನ್ನೋ ಅಂಗಡಿಯನ್ನೋ ಅಡವಿಟ್ಟ ಸಾಲಕ್ಕೆ 2002ರ ಸರ್ಫೇಸಿ ಕಾಯ್ದೆಯಡಿ ನೋಟಿಸು ಬಂದರೆ 60 ದಿನ ಸಮಯವಿದೆ. ಆಕ್ಷೇಪ ಬರೆದುಕೊಟ್ಟರೆ, ಒಪ್ಪದಿದ್ದಾಗ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರಿಸಲೇಬೇಕು. ಕೃಷಿ ಜಮೀನು ಆ ಕಾಯ್ದೆಗೆ ಒಳಪಡುವುದಿಲ್ಲ.

ಇನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಅಡವಿಲ್ಲದ ಸಾಲಕ್ಕೆ ಕೋರ್ಟಿನಿಂದ ಡಿಕ್ರಿಯಾದರೂ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಅಲ್ಲಿದೆ: ತೊಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ರೈತನ ಬದುಕಿಗೆ ಬೇಕಾದ ಎತ್ತು, ಬಿತ್ತನೆ ಬೀಜ, ಅವನು ವಾಸವಿರುವ ಮನೆ. ಕುಶಲಕರ್ಮಿಯ ಹತಾರಗಳೂ ಅದರಲ್ಲಿ ಸೇರಿವೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರು ಚರ್ಮ ಕೊಯ್ಯುವ ರಂಪಿಗೆಯನ್ನೂ ಯಾವ ಅಮೀನನೂ ಒಯ್ಯುವಂತಿಲ್ಲ. ಬಿದ್ದವನು ಮತ್ತೆ ಎದ್ದು ದುಡಿಯಲಿ ಎಂಬ ಕಾಳಜಿಯಿಂದಲೇ ಯಾರೋ ಇದನ್ನು ಕುಳಿತು ಬರೆದಿರಬೇಕು.

ಈ ರಕ್ಷಣೆಗಳನ್ನು ಕೇಳಿ ಪಡೆಯಬೇಕು, ಅದೂ ಗಡುವಿನೊಳಗೆ. ನಿಮ್ಮ ಮನೆಯಲ್ಲಿ ಅಂಥ ಲಕೋಟೆ ಇದ್ದರೆ ಇವತ್ತೇ ಒಡೆಯಿರಿ, ಮುಟ್ಟಿದ ತಾರೀಖು ಬರೆದಿಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ.